ಸ್ಪ್ಯಾನಿಷ್ ಕಂಡಿಶನಲ್: 'ಹೋಗ್ತಿದ್ದೆ' ಅನ್ನೋದನ್ನ ಹಿಡ್ಕೊಂಡು ಕಲಿಯೋ ಸಮಗ್ರ ಮಾರ್ಗದರ್ಶಿ

ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿ ವರ್ತಮಾನ, ಎರಡು ಥರದ ಭೂತಕಾಲ, ಭವಿಷ್ಯತ್ತು ಅಂತ ಒಂದೊಂದೇ ಮುಗಿಸ್ಕೊಂಡು ಬಂದೋರಿಗೆ ಮುಂದೆ ಸಿಗೋದು ಕಂಡಿಶನಲ್, ಸ್ಪ್ಯಾನಿಷಲ್ಲಿ ಕೊಂದಿಸ್ಯೊನಾಲ್, ಅಂದ್ರೆ 'ಹೀಗಾಗಿದ್ರೆ ಹಾಗೆ ಮಾಡ್ತಿದ್ದೆ' ಥರದ ಮಾತಿಗೆ ಬರೋ ಕ್ರಿಯಾರೂಪ. ರೂಪ ಮಾಡೋದು ನೋಡಿದ್ರೆ ನನ್ನ ಪ್ರಕಾರ ಸ್ಪ್ಯಾನಿಷಲ್ಲಿ ಇದಕ್ಕಿಂತ ಸುಲಭದ್ದು ಇಲ್ಲ, ಅರ್ಧ ಗಂಟೆ ಕೂತ್ರೆ ಬರುತ್ತೆ. ಆದ್ರೆ ಎಲ್ಲಿ ಬಳಸ್ಬೇಕು ಎಲ್ಲಿ ಬಳಸ್ಬಾರ್ದು ಅನ್ನೋದು ಬೇರೆ ವಿಷಯ, ಅಲ್ಲೇ ಜನ ಸಿಕ್ಕಿ ಹಾಕ್ಕೊಳ್ಳೋದು, ಅದಕ್ಕೆ ಮುಖ್ಯ ಕಾರಣ ನಾವೆಲ್ಲಾ ಇಂಗ್ಲಿಷ್ ಪುಸ್ತಕ ಇಟ್ಕೊಂಡು 'ವುಡ್' ಅನ್ನೋ ಪದದ ಮೂಲಕ ಇದನ್ನ ಕಲಿಯೋದು. ಕನ್ನಡ ಮಾತಾಡೋರಿಗೆ ಆ ಸುತ್ತುದಾರಿ ಬೇಕಾಗಿಲ್ಲ. 'ಹೋಗ್ತಿದ್ದೆ', 'ಮಾಡ್ತಿದ್ದೆ', 'ಬರ್ತೀನಿ ಅಂದ', 'ಹತ್ತು ಗಂಟೆ ಆಗಿದ್ದಿರ್ಬೇಕು' ಅಂತ ನಾವು ದಿನಾ ಆಡೋ ಮಾತಲ್ಲೇ ಇದರ ಎಲ್ಲಾ ಕೆಲಸಗಳೂ ಇವೆ, ಯಾವುದು ಸ್ಪ್ಯಾನಿಷಲ್ಲಿ ಯಾವುದಾಗುತ್ತೆ ಅಂತ ಗೊತ್ತಾದ್ರೆ ಸಾಕು.

ಮೊದಲು ಓದೋ ಕ್ರಮ ಹೇಳಿಬಿಡ್ತೀನಿ. ಸ್ಪ್ಯಾನಿಷ್ ಪದಗಳನ್ನ ಇಲ್ಲಿ ಕನ್ನಡ ಲಿಪಿಯಲ್ಲೇ ಬರೀತಿದ್ದೀನಿ, ಎಲ್ಲಿ ದೀರ್ಘ ಇದೆಯೋ ಅಲ್ಲಿ ಒತ್ತಿ ಹೇಳ್ಬೇಕು ಅಂತ ಅರ್ಥ. ಎಚ್ ಅಕ್ಷರ ಬರೀತಾರೆ ಆದ್ರೆ ಓದಲ್ಲ, ವಿ ಅಕ್ಷರ ಬರೆದಿದ್ರೂ 'ಬ' ಅಂತಾನೇ ಹೇಳ್ತಾರೆ, ಜೆ ಅಕ್ಷರ 'ಹ' ಆಗುತ್ತೆ, ಎರಡು ಎಲ್ ಒಟ್ಟಿಗೆ ಬಂದ್ರೆ ಹೆಚ್ಚಿನ ಕಡೆ 'ಯ'. ಹಾಗಾಗಿ ಮಾತಾಡು ಅನ್ನೋ ಕ್ರಿಯಾಪದ ಅಬ್ಲಾರ್, ವಾಸ ಮಾಡು ಅನ್ನೋದು ಬಿಬೀರ್, ಕೆಲಸ ಮಾಡು ಅನ್ನೋದು ತ್ರಬಹಾರ್, ತಲುಪು ಅನ್ನೋದು ಯೆಗಾರ್.

ಹಂತ 1: ಮೂಲ ರೂಪ ಮುಟ್ಟಬೇಡಿ, ಹಿಂದೆ ಪ್ರತ್ಯಯ ಹಚ್ಚಿ

ಸ್ಪ್ಯಾನಿಷಲ್ಲಿ ಕ್ರಿಯಾಪದದ ಮೂಲ ರೂಪ ಮೂರು ಥರ ಕೊನೆಯಾಗುತ್ತೆ: ಆರ್, ಏರ್, ಈರ್. ವರ್ತಮಾನಕಾಲದಲ್ಲಿ ಈ ಬಾಲ ಕತ್ತರಿಸಿ ಬೇರೆ ಪ್ರತ್ಯಯ ಅಂಟಿಸ್ತೀವಿ, ಮೂರಕ್ಕೂ ಬೇರೆಬೇರೆ. ಕಂಡಿಶನಲ್‌ನಲ್ಲಿ ಕತ್ತರಿಸೋ ಕೆಲಸಾನೇ ಇಲ್ಲ, ಇಡೀ ಮೂಲ ರೂಪ ಹಾಗೇ ಇಟ್ಟು ಅದರ ಹಿಂದೆ ಈಯ, ಈಯಸ್, ಈಯ, ಈಯಮೊಸ್, ಈಯಯಿಸ್, ಈಯನ್ ಸೇರಿಸೋದು, ಮೂರೂ ಗುಂಪಿಗೆ ಇದೇ ಆರು ಪ್ರತ್ಯಯ.

ಪಗಾರ್ ಅಂದ್ರೆ ದುಡ್ಡು ಕೊಡು, ಸಲ್ಲಿಸು. ನಮ್ಮ 'ಪಗಾರ' ಪೋರ್ಚುಗೀಸಿಂದ ಬಂದಿರೋ ಪದ, ಸ್ಪ್ಯಾನಿಷಿನ ಪಗಾರ್ ಅದಕ್ಕೆ ಸಂಬಂಧಿ, ಹಾಗಾಗಿ ಮರೆಯೋ ಪ್ರಶ್ನೆ ಇಲ್ಲ ಅಂತ ಇದನ್ನೇ ತಗೊಂಡಿದ್ದೀನಿ.

ಯೊ ಪಗರೀಯ: ನಾನು ಕೊಡ್ತಿದ್ದೆ
ತೂ ಪಗರೀಯಸ್: ನೀನು ಕೊಡ್ತಿದ್ದೆ
ಎಲ್, ಎಯ, ಉಸ್ತೇದ್ ಪಗರೀಯ: ಅವನು ಕೊಡ್ತಿದ್ದ, ಅವಳು ಕೊಡ್ತಿದ್ಲು, ನೀವು ಕೊಡ್ತಿದ್ರಿ
ನೊಸೋತ್ರೊಸ್ ಪಗರೀಯಮೊಸ್: ನಾವು ಕೊಡ್ತಿದ್ವಿ
ಬೊಸೋತ್ರೊಸ್ ಪಗರೀಯಯಿಸ್: ನೀವೆಲ್ಲಾ ಕೊಡ್ತಿದ್ರಿ
ಎಯೊಸ್, ಉಸ್ತೇದೆಸ್ ಪಗರೀಯನ್: ಅವರೆಲ್ಲಾ ಕೊಡ್ತಿದ್ರು, ನೀವೆಲ್ಲಾ ಕೊಡ್ತಿದ್ರಿ

ತಿನ್ನು ಅನ್ನೋ ಕೊಮೇರ್ ಹೀಗೇ: ಕೊಮೆರೀಯ, ಕೊಮೆರೀಯಸ್, ಕೊಮೆರೀಯ, ಕೊಮೆರೀಯಮೊಸ್, ಕೊಮೆರೀಯಯಿಸ್, ಕೊಮೆರೀಯನ್. ಬಿಬೀರ್ ಕೂಡ ಹೀಗೇ: ಬಿಬಿರೀಯ, ಬಿಬಿರೀಯಸ್, ಬಿಬಿರೀಯ, ಬಿಬಿರೀಯಮೊಸ್, ಬಿಬಿರೀಯಯಿಸ್, ಬಿಬಿರೀಯನ್. ಗಮನಿಸಿ, ಮೂಲ ರೂಪದಲ್ಲಿ ಒತ್ತು ಪದದ ಕೊನೆಯ ಆರ್, ಏರ್ ಮೇಲಿತ್ತು, ಪ್ರತ್ಯಯ ಬಂದ ಕೂಡ್ಲೇ ಅದು 'ರೀ' ಮೇಲಕ್ಕೆ ಹೋಯ್ತು. ಬರೆಯುವಾಗ ಆರೂ ರೂಪದಲ್ಲೂ ಐ ಅಕ್ಷರದ ಮೇಲೆ ಚುಕ್ಕಿ ಬದಲು ಓರೆ ಗೀಟು ಹಾಕಲೇಬೇಕು, ಒಂದರಲ್ಲೂ ವಿನಾಯಿತಿ ಇಲ್ಲ, ಫೋನಲ್ಲಿ ಐ ಕೀಯನ್ನ ಒತ್ತಿ ಹಿಡಿದ್ರೆ ಸಿಗುತ್ತೆ. ಆ ಗೀಟು ಅಲಂಕಾರಕ್ಕಲ್ಲ, 'ರೀ' ಮತ್ತು 'ಅ' ಎರಡು ಬೇರೆ ಉಚ್ಚಾರ ಅಂತ ಅದು ಹೇಳ್ತಿದೆ. ಪಗರ್ಯ ಅಂತ ಸೇರಿಸಿ ಹೇಳ್ಬೇಡಿ, ಪ-ಗ-ರೀ-ಅ ಅಂತ ನಾಲ್ಕಾಗಿ ಬರ್ಬೇಕು.

ಮೂಲ ರೂಪ ಯಾಕೆ ಹಾಗೇ ಉಳೀತು ಅನ್ನೋದಕ್ಕೆ ಚೆನ್ನಾಗಿರೋ ಕಾರಣ ಇದೆ. ಇದು ಮೊದಲು ಎರಡು ಪದ ಆಗಿತ್ತು, ಮೂಲ ಕ್ರಿಯಾಪದ ಮತ್ತು ಅದರ ಹಿಂದೆ 'ಅಬೇರ್' ಅನ್ನೋ ಸಹಾಯಕ ಕ್ರಿಯಾಪದದ ಭೂತರೂಪ, ಕೊಡೋದಿತ್ತು ಅನ್ನೋ ಥರದ ಜೋಡಣೆ. ಬರ್ತಾ ಬರ್ತಾ ಎರಡೂ ಅಂಟ್ಕೊಂಡು ಒಂದೇ ಪದ ಆಯ್ತು. 1492ರಲ್ಲಿ ಮೊದಲ ಸ್ಪ್ಯಾನಿಷ್ ವ್ಯಾಕರಣ ಬರೆದ ಆಂತೋನ್ಯೊ ದೆ ನೆಬ್ರೀಹ ಆಗಲೇ ಇದನ್ನ ಗುರುತಿಸಿದ್ದರು. ಹಳೇ ಸ್ಪ್ಯಾನಿಷಲ್ಲಿ ಈ ಎರಡು ತುಂಡಿನ ನಡುವೆ ಸರ್ವನಾಮ ತೂರಿಸೋದೂ ಇತ್ತು, ಪೋರ್ಚುಗೀಸಿನ ಗ್ರಾಂಥಿಕ ಭಾಷೇಲಿ ಅದು ಇನ್ನೂ ಇದೆ. ಭವಿಷ್ಯತ್ಕಾಲವೂ ಹೀಗೇ ಹುಟ್ಟಿದ್ದು, ಅಲ್ಲಿ ಸಹಾಯಕ ಕ್ರಿಯಾಪದದ ವರ್ತಮಾನ ರೂಪ ಅಂಟ್ಕೊಂಡಿದೆ, ಪಗರೇ ಅಂದ್ರೆ ಕೊಡ್ತೀನಿ. ಹಾಗಾಗಿ ಭವಿಷ್ಯತ್ತು ಮತ್ತು ಕಂಡಿಶನಲ್ ಎರಡಕ್ಕೂ ಧಾತು ಒಂದೇ, ಒಂದು ಗೊತ್ತಿದ್ರೆ ಇನ್ನೊಂದು ಬಂದ ಹಾಗೇ.

ನಿಷೇಧಕ್ಕೆ ಮುಂದೆ 'ನೊ' ಹಾಕಿ, ನೊ ಪಗರೀಯ. 'ಅದನ್ನ', 'ನನಗೆ' ಥರದ ಸಣ್ಣ ಸರ್ವನಾಮಗಳು ಕ್ರಿಯಾಪದದ ಮುಂದೆ ಬೇರೆಯಾಗಿ ಬರ್ತಾವೆ: ಲೊ ಕೊಂಪ್ರರೀಯ, ಅದನ್ನ ತಗೋತಿದ್ದೆ. ಏಳು ಅನ್ನೋ ಲೆಬಂತಾರ್ಸೆಯಲ್ಲಿ ಕೊನೆಗಿರೋ 'ಸೆ' ಬಿಚ್ಚಿ ಮುಂದಕ್ಕೆ ತನ್ನಿ, ಮೆ ಲೆಬಂತರೀಯ, ತೆ ಲೆಬಂತರೀಯಸ್ ಅಂತ. ಪ್ರತ್ಯಯ ಯಾವತ್ತೂ 'ಸೆ' ಹಿಂದೆ ಹೋಗಿ ಕೂರಲ್ಲ.

ಹಂತ 2: ನೀನು, ನೀವು ಸರಿ ಮಾಡ್ಕೊಳ್ಳಿ

ತೂ ಅಂದ್ರೆ ನೀನು, ಉಸ್ತೇದ್ ಅಂದ್ರೆ ಒಬ್ಬರಿಗೆ ಗೌರವದ ನೀವು. ಉಸ್ತೇದ್‌ಗೆ ಬರೋದು ಅವನು, ಅವಳು ರೂಪ. ಹಾಗಾಗಿ ನಾನು, ಅವನು, ಅವಳು, ನೀವು ನಾಲ್ಕಕ್ಕೂ ಪಗರೀಯ ಒಂದೇ ರೂಪ ಆಗೋಗುತ್ತೆ. ಸ್ಪ್ಯಾನಿಷಲ್ಲೂ ಕನ್ನಡದ ಹಾಗೇ ಕರ್ತೃಪದ ಬಿಟ್ಟು ಮಾತಾಡೋದೇ ಹೆಚ್ಚು, ಆದ್ರೆ ಕಂಡಿಶನಲ್‌ನಲ್ಲಿ ಗೊಂದಲ ಆಗೋ ಕಡೆ ಯೊ, ಎಯ, ಉಸ್ತೇದ್ ಹೇಳಿಬಿಡಿ. ಬೊಸೋತ್ರೊಸ್ ಸ್ಪೇನಿನದ್ದು, ಲ್ಯಾಟಿನ್ ಅಮೆರಿಕದಲ್ಲಿ ಸ್ನೇಹಿತರ ಗುಂಪಿಗೂ ಉಸ್ತೇದೆಸ್ ಅಂತಾನೇ ಹೇಳ್ತಾರೆ. ಅರ್ಜೆಂಟೀನಾದಲ್ಲಿ ತೂ ಬದಲು 'ಬೋಸ್' ಬರುತ್ತೆ, ವರ್ತಮಾನದಲ್ಲಿ ಅದಕ್ಕೆ ಬೇರೆ ರೂಪಗಳು ಕಲೀಬೇಕು, ಕಂಡಿಶನಲ್‌ನಲ್ಲಿ ಮಾತ್ರ ತೂ ರೂಪವೇ ಸಾಕು, ಬೋಸ್ ಪಗರೀಯಸ್.

ಹಂತ 3: ಬೇರೆ ಕಡೆ ಕಾಡಿದ ಕ್ರಿಯಾಪದಗಳು ಇಲ್ಲಿ ಸಾಧುವಾಗಿವೆ

ವರ್ತಮಾನದಲ್ಲಿ ರೂಪ ಕೆಡಿಸ್ಕೊಂಡು ತಲೆ ತಿಂದಿದ್ದ ಎಷ್ಟೋ ಕ್ರಿಯಾಪದಗಳು ಇಲ್ಲಿ ನಿಯಮಿತ. ಇರು ಅನ್ನೋ ಸೇರ್ ಸೆರೀಯ ಆಗುತ್ತೆ, ಎಸ್ತಾರ್ ಎಸ್ತರೀಯ, ಹೋಗು ಅನ್ನೋ ಈರ್ ಇರೀಯ, ಕೊಡು ಅನ್ನೋ ದಾರ್ ದರೀಯ, ನೋಡು ಅನ್ನೋ ಬೇರ್ ಬೆರೀಯ. ಮಲಗು ಅನ್ನೋ ದೊರ್ಮೀರ್ ವರ್ತಮಾನದಲ್ಲಿ ದ್ವೇರ್ಮೊ ಆಗುತ್ತಲ್ವಾ, ಇಲ್ಲಿ ದೊರ್ಮಿರೀಯ ಅಷ್ಟೇ. ಪೆದೀರ್, ಪೆನ್ಸಾರ್, ಬೊಲ್ಬೇರ್, ಹುಗಾರ್ ಎಲ್ಲಾ ಹಾಗೇ. ಧಾತುವಿನ ಸ್ವರ ಬದಲಾಗೋದು ಒತ್ತು ಅದರ ಮೇಲೆ ಬಿದ್ದಾಗ, ಇಲ್ಲಿ ಒತ್ತು ಯಾವಾಗ್ಲೂ ಹಿಂದಿನ 'ರೀ' ಮೇಲೆ ಹೋಗೋದ್ರಿಂದ ಧಾತು ಅಲುಗಾಡಲ್ಲ. ಕೇಳು ಅನ್ನೋ ಒಯೀರ್, ನಗು ಅನ್ನೋ ರೆಯೀರ್ ಮೂಲ ರೂಪದಲ್ಲೇ ಐ ಮೇಲೆ ಗೀಟು ಇರುತ್ತೆ, ಪ್ರತ್ಯಯ ಹಚ್ಚಿದಾಗ ಆ ಗೀಟು ತೆಗೆದು ಪ್ರತ್ಯಯದ ಐ ಮೇಲೆ ಮಾತ್ರ ಇಡಿ.

ನಿಜವಾಗ್ಲೂ ಅನಿಯಮಿತ ಅಂತ ಇರೋದು ಹನ್ನೆರಡೇ, ಮತ್ತೆ ಅವುಗಳಿಂದ ಹುಟ್ಟಿದ ಪದಗಳು. ಪ್ರತ್ಯಯ ಅದೇ, ಧಾತು ಮಾತ್ರ ಕುಗ್ಗುತ್ತೆ. ತೆನೇರ್, ಬೆನೀರ್, ಪೊನೇರ್, ಸಲೀರ್, ಬಲೇರ್ ಇವಕ್ಕೆ ನಡುವೆ ದ ಸೇರುತ್ತೆ: ತೆಂದ್ರೀಯ, ಬೆಂದ್ರೀಯ, ಪೊಂದ್ರೀಯ, ಸಲ್ದ್ರೀಯ, ಬಲ್ದ್ರೀಯ. ಪೊದೇರ್, ಸಬೇರ್, ಅಬೇರ್, ಕಬೇರ್, ಕೆರೇರ್ ಇವುಗಳಲ್ಲಿ ಎ ಬಿದ್ದುಹೋಗಿ ಪೊದ್ರೀಯ, ಸಬ್ರೀಯ, ಅಬ್ರೀಯ, ಕಬ್ರೀಯ, ಕೆರ್ರೀಯ. ಮಾಡು ಅನ್ನೋ ಅಸೇರ್ ಅರೀಯ, ಹೇಳು ಅನ್ನೋ ದೆಸೀರ್ ದಿರೀಯ. ಒಂದು ಎಚ್ಚರಿಕೆ: ಬೆಂದ್ರೀಯ ಅಂದ್ರೆ ಬರ್ತಿದ್ದೆ, ಬೆಂದೆರೀಯ ಅಂದ್ರೆ ಮಾರ್ತಿದ್ದೆ, ಮಾರು ಅನ್ನೋ ಬೆಂದೇರ್ ನಿಯಮಿತ. ನಡುವಿನ ಒಂದು 'ಎ' ನುಂಗಿದ್ರೆ ಕಾರ್ ಮಾರೋರು ಬರೋರಾಗ್ತಾರೆ.

ಹಂತ 4: ಒಂದೇ 'ಹೋಗ್ತಿದ್ದೆ', ಸ್ಪ್ಯಾನಿಷಲ್ಲಿ ಮೂರು

ಇದು ಈ ಇಡೀ ಪಾಠದ ಜೀವ, ಇಲ್ಲಿ ನಿಧಾನ ಮಾಡಿ. ಮೇಲೆ ಪಗರೀಯಗೆ 'ಕೊಡ್ತಿದ್ದೆ' ಅಂತ ಅರ್ಥ ಬರೆದೆ, ಆದ್ರೆ ಕನ್ನಡದ ಎಲ್ಲಾ 'ಕೊಡ್ತಿದ್ದೆ'ಗಳೂ ಪಗರೀಯ ಅಲ್ಲ. ಈ ಮೂರು ವಾಕ್ಯ ನೋಡಿ.

ಸ್ಕೂಲಿಗೆ ದಿನಾ ನಡ್ಕೊಂಡು ಹೋಗ್ತಿದ್ದೆ.
ಇವತ್ತು ಕೆಲಸ ಇಲ್ದಿದ್ರೆ ಬೀಚಿಗೆ ಹೋಗ್ತಿದ್ದೆ.
ಹೋದ ಭಾನುವಾರ ಕೆಲಸ ಇಲ್ದಿದ್ರೆ ಬೀಚಿಗೆ ಹೋಗ್ತಿದ್ದೆ.

ಮೂರರಲ್ಲೂ ಕ್ರಿಯಾಪದ ಒಂದಕ್ಷರ ವ್ಯತ್ಯಾಸ ಇಲ್ಲದೆ ಅದೇ. ಸ್ಪ್ಯಾನಿಷಲ್ಲಿ ಮೊದಲನೇದು ಈಬ, ಎರಡನೇದು ಇರೀಯ, ಮೂರನೇದು ಅಬ್ರೀಯ ಈದೊ. ಮೊದಲನೇದು ನಿಜವಾಗಿ ನಡೆದ ರೂಢಿ, ಅದಕ್ಕೆ ಸ್ಪ್ಯಾನಿಷಲ್ಲಿ ಇಂಪೆರ್ಫೆಕ್ತೊ ಅನ್ನೋ ಭೂತಕಾಲ ಬೇಕು. ಎರಡನೇದು ನಡೆದೇ ಇಲ್ಲ, ಬರೀ ಕಲ್ಪನೆ, ಇವತ್ತಿನ ಮಾತು, ಇದೇ ನಮ್ಮ ಕಂಡಿಶನಲ್. ಮೂರನೇದೂ ನಡೆದಿಲ್ಲ, ಆದ್ರೆ ಆ ಭಾನುವಾರ ಮುಗಿದೇ ಹೋಗಿದೆ, ಹಾಗಾಗಿ ಅಬೇರ್‌ನ ಕಂಡಿಶನಲ್ ಮತ್ತು ಮುಖ್ಯ ಕ್ರಿಯಾಪದದ ಕೃದಂತ ಸೇರಿಸಿ ಹೇಳೋ ಸಂಯುಕ್ತ ರೂಪ ಬೇಕು: ಅಬ್ರೀಯ ಪಗಾದೊ, ಅಬ್ರೀಯ ಕೊಮೀದೊ, ಅಬ್ರೀಯ ಬಿಬೀದೊ.

ಹಾಗಾದ್ರೆ ಬಾಯಿ ತೆಗೆಯೋ ಮುಂಚೆ ಎರಡು ಪ್ರಶ್ನೆ ಕೇಳ್ಕೊಳ್ಳಿ. ಮೊದಲನೇದು, ನನ್ನ ವಾಕ್ಯದಲ್ಲಿ '-ರೆ' ಇದೆಯಾ, ಅಥವಾ ಇಲ್ಲದಿದ್ರೂ ಬಚ್ಚಿಟ್ಕೊಂಡಿದೆಯಾ? 'ಆಗೆಲ್ಲಾ', 'ದಿನಾ', 'ಯಾವಾಗ್ಲೂ' ಅನ್ನೋದು ಹೊಂದಿದ್ರೆ ಅದು ರೂಢಿ, ಈಬ, ಪಗಾಬ, ಕೊಮೀಯ. '-ರೆ' ಹೊಂದಿದ್ರೆ ಕಂಡಿಶನಲ್. ಎರಡನೇದು, ಆ ಅವಕಾಶ ಮುಗಿದುಹೋಗಿದೆಯಾ? ಮುಗಿದಿದ್ರೆ ಸಂಯುಕ್ತ ರೂಪ, ಇಲ್ಲಾಂದ್ರೆ ಸರಳ ರೂಪ. 'ನಾನಾದ್ರೆ ಆ ಮನೆ ತಗೋತಿರ್ಲಿಲ್ಲ' ಅಂತೀವಲ್ಲ, ಅಲ್ಲಿ ಪೂರ್ತಿ ಷರತ್ತು ಕಾಣಲ್ಲ, ಆದ್ರೆ 'ನಾನಾದ್ರೆ' ಒಳಗೇ '-ರೆ' ಕೂತಿದೆ, ಹಾಗಾಗಿ ಯೊ ನೊ ಕೊಂಪ್ರರೀಯ ಎಸ ಕಾಸ. ಇಂಗ್ಲಿಷ್ ದಾರೀಲಿ ಬಂದೋರಿಗೂ ಇದೇ ಸಮಸ್ಯೆ, ವುಡ್ ಕೂಡ ರೂಢಿಗೂ ಕಲ್ಪನೆಗೂ ಎರಡಕ್ಕೂ ಬರುತ್ತೆ, ಆದ್ರೆ '-ರೆ' ಹುಡುಕೋ ಈ ಪರೀಕ್ಷೆ ಇಂಗ್ಲಿಷಲ್ಲಿ ಇಷ್ಟು ಸಲೀಸಾಗಿ ನಡೆಯಲ್ಲ, ಕನ್ನಡದಲ್ಲಿ ಅದು ಕ್ರಿಯಾಪದದ ಮೈಗೇ ಅಂಟ್ಕೊಂಡಿರುತ್ತೆ.

ಕಿವೀಗೂ ಒಂದು ತೊಂದರೆ ಇದೆ. ಏರ್, ಈರ್ ಗುಂಪಿನಲ್ಲಿ ಇಂಪೆರ್ಫೆಕ್ತೊ ಪ್ರತ್ಯಯಗಳೂ ಈಯ, ಈಯಸ್ ಅಂತಾನೇ ಇವೆ, ಹಾಗಾಗಿ ಕೊಮೀಯ, ಕೊಮೆರೀಯ ಎರಡೂ ಪಕ್ಕಪಕ್ಕ ಬರ್ತಾವೆ, ಬಿಬೀಯ, ಬಿಬಿರೀಯ ಹಾಗೇ. ಕ್ವಾಂದೊ ಏರ ನೀನ್ಯೊ, ಕೊಮೀಯ ಅರ್ರೋಸ್ ತೋದೊಸ್ ಲೊಸ್ ದೀಯಸ್ ಅಂದ್ರೆ ಚಿಕ್ಕವನಿದ್ದಾಗ ದಿನಾ ಅನ್ನ ತಿಂತಿದ್ದೆ, ಇಲ್ಲಿ ಕೊಮೆರೀಯ ಅಂದ್ರೆ ತಪ್ಪು. ಈಯ ಮುಂದೆ 'ರ' ಕೇಳಿಸಿದ್ರೆ ಕಂಡಿಶನಲ್ ಅಂತ ಹೆಚ್ಚಿನ ಕಡೆ ಹೇಳ್ಬೋದು, ಆದ್ರೆ ಧಾತುವಿನ ಕೊನೇಲೇ ರ ಇರೋ ಕ್ರಿಯಾಪದಗಳು ಮೋಸ ಮಾಡ್ತಾವೆ. ಓಡು ಅನ್ನೋದರಲ್ಲಿ ಕೊರ್ರೀಯ ರೂಢಿ, ಕೊರ್ರೆರೀಯ ಕಲ್ಪನೆ. ಕೆರೀಯ ಅಂದ್ರೆ ಬೇಕಾಗಿತ್ತು, ಕೆರ್ರೀಯ ಅಂತ ರ ಉರುಳಿಸಿದ್ರೆ ಕಂಡಿಶನಲ್. ತೆರೆ ಅನ್ನೋ ಅಬ್ರೀರ್‌ನ ಇಂಪೆರ್ಫೆಕ್ತೊ ಅಬ್ರೀಯ, ಅಬೇರ್‌ನ ಕಂಡಿಶನಲ್ಲೂ ಅಬ್ರೀಯ, ಬರೆಯುವಾಗ ಎರಡನೇದಕ್ಕೆ ಮುಂದೆ ಎಚ್ ಇದೆ, ಕಿವಿಗೆ ಎರಡೂ ಒಂದೇ, ಸಂದರ್ಭದಿಂದಲೇ ತಿಳ್ಕೋಬೇಕು.

ಹಂತ 5: 'ಸಿ' ಪಕ್ಕ ಕಂಡಿಶನಲ್ ಕೂರಿಸಬೇಡಿ

ಕನ್ನಡದ '-ರೆ' ಕೆಲಸವನ್ನ ಸ್ಪ್ಯಾನಿಷಲ್ಲಿ 'ಸಿ' ಮಾಡುತ್ತೆ. ದುಡ್ಡಿದ್ರೆ ಹೋಗ್ತೀನಿ ಅನ್ನೋದು ನಿಜವಾದ ಸಾಧ್ಯತೆ, ಅಲ್ಲಿ ಕಂಡಿಶನಲ್ ಬೇಡ: ಸಿ ತೇಂಗೊ ದಿನೇರೊ, ಬೋಯ್. ದುಡ್ಡಿದ್ದಿದ್ರೆ ಹೋಗ್ತಿದ್ದೆ ಅನ್ನೋದು ಕಲ್ಪನೆ: ಸಿ ತುಬ್ಯೇರ ದಿನೇರೊ, ಇರೀಯ. 'ಇದ್ರೆ' ಮತ್ತು 'ಇದ್ದಿದ್ರೆ' ನಡುವಿನ ವ್ಯತ್ಯಾಸ ನಮಗೆ ಹುಟ್ಟಿನಿಂದಲೇ ಗೊತ್ತು, ಅದನ್ನೇ ನಂಬಿ.

ಸಿ ಪಕ್ಕದಲ್ಲಿ ಬಂದಿರೋ ತುಬ್ಯೇರ ಇಂಪೆರ್ಫೆಕ್ತೊ ದೆ ಸುಬ್ಹುಂತೀಬೊ ಅನ್ನೋ ರೂಪ. ಮಾಡೋ ವಿಧಾನ ಹೀಗೆ: 'ಅವರು ಮಾಡಿದ್ರು' ಅನ್ನೋ ಸರಳ ಭೂತರೂಪ ತಗೊಳ್ಳಿ, ಕೊನೇ 'ರೊನ್' ತೆಗೀರಿ, ರ, ರಸ್, ರ, ರಮೊಸ್, ರಯಿಸ್, ರನ್ ಹಾಕಿ. ಪಗಾರೊನ್ ಇಂದ ಪಗಾರ, ಕೊಮ್ಯೇರೊನ್ ಇಂದ ಕೊಮ್ಯೇರ, ಬಿಬ್ಯೇರೊನ್ ಇಂದ ಬಿಬ್ಯೇರ, ತುಬ್ಯೇರೊನ್ ಇಂದ ತುಬ್ಯೇರ, ಫ್ವೇರೊನ್ ಇಂದ ಫ್ವೇರ. ಈಗ ಒಂದು ಪೂರ್ತಿ ವಾಕ್ಯ: ಸಿ ಮೆ ಪಗಾರನ್ ಬ್ಯೆನ್, ತ್ರಬಹರೀಯ ಅಯೀ. ಒಳ್ಳೆ ಪಗಾರ ಕೊಡೋದಾಗಿದ್ರೆ ಅಲ್ಲಿ ಕೆಲಸ ಮಾಡ್ತಿದ್ದೆ. ಹಿಂದುಮುಂದು ಮಾಡಿ ತ್ರಬಹರೀಯ ಅಯೀ ಸಿ ಮೆ ಪಗಾರನ್ ಬ್ಯೆನ್ ಅಂದ್ರೂ ಸರಿ, ಸಿ ಎಲ್ಲಿ ಹೋದ್ರೂ ಪಗಾರನ್ ಅದರ ಜೊತೇಲೇ ಹೋಗುತ್ತೆ. ನಿಯಮ ಕನ್ನಡದಲ್ಲಿ ಹೇಳೋದಾದ್ರೆ, ಕಲ್ಪನೆಯ ವಾಕ್ಯದಲ್ಲಿ '-ರೆ' ಅಂಟಿರೋ ಕ್ರಿಯಾಪದಕ್ಕೆ ಸುಬ್ಹುಂತೀಬೊ, '-ತಿದ್ದೆ' ಅಂಟಿರೋ ಕ್ರಿಯಾಪದಕ್ಕೆ ಕಂಡಿಶನಲ್.

ಸ್ಪೇನಿನ ಉತ್ತರ ಭಾಗ, ಬಾಸ್ಕ್ ಪ್ರಾಂತ್ಯ, ನವಾರ, ಬುರ್ಗೋಸ್ ಕಡೆ ಮಾತಲ್ಲಿ 'ಸಿ ತೆಂದ್ರೀಯ' ಅಂತ ಜನ ಹೇಳೋದು ಇದೆ, ನೀವು ಕೇಳಿಸ್ಕೊಂಡ್ರೆ ಗಾಬರಿ ಆಗ್ಬೇಡಿ, ಅದು ಆ ಕಡೆಯ ಆಡುಮಾತು. ಪರೀಕ್ಷೇಲಿ, ಬರವಣಿಗೇಲಿ ಅದನ್ನ ತಪ್ಪು ಅಂತಾನೇ ಎಣಿಸ್ತಾರೆ.

ಇನ್ನೊಂದು 'ಸಿ' ಇದೆ, ಅದು '-ರೆ' ಅಲ್ಲ, 'ಮಾಡ್ತೀನಾ ಅಂತ', 'ಬರ್ತೀಯಾ ಅಂತ' ಅನ್ನೋ ಥರದ ಪ್ರಶ್ನೆ. ನಾನು ಅಲ್ಲಿ ಕೆಲಸ ಮಾಡ್ತೀನಾ ಅಂತ ಕೇಳಿದ: ಮೆ ಪ್ರೆಗುಂತೋ ಸಿ ತ್ರಬಹರೀಯ ಅಯೀ. ಇಲ್ಲಿ ಸಿ ಪಕ್ಕ ಕಂಡಿಶನಲ್ ಬಂದಿರೋದು ಪೂರ್ತಿ ಸರಿ. ಸಿ ನಂತರ ಕಂಡಿಶನಲ್ ಬರಲೇಬಾರ್ದು ಅಂತ ಬಾಯಿಪಾಠ ಮಾಡಿದೋರು ಇಂಥ ಸರಿಯಾದ ವಾಕ್ಯವನ್ನ ತಿದ್ದಿ ಕೆಡಿಸ್ತಾರೆ.

ಮುಗಿದುಹೋದ ಕಲ್ಪನೆಗೆ ಎರಡೂ ಕಡೆ ಸಂಯುಕ್ತ ರೂಪ: ಸಿ ಉಬ್ಯೇರ ತೆನೀದೊ ದಿನೇರೊ, ಅಬ್ರೀಯ ಈದೊ. ಮಾತಲ್ಲಿ ಎರಡನೇ ಭಾಗಕ್ಕೂ ಉಬ್ಯೇರ ಈದೊ ಅಂತ ತುಂಬಾ ಜನ ಹೇಳ್ತಾರೆ, ಅದೂ ಒಪ್ಪಿತ.

ಹಂತ 6: 'ಬರ್ತೀನಿ ಅಂದ'

ಇಲ್ಲಿ ಕನ್ನಡ ಮತ್ತು ಸ್ಪ್ಯಾನಿಷ್ ಬೇರೆ ದಾರಿ ಹಿಡೀತಾವೆ. ನಾವು ಇನ್ನೊಬ್ಬರ ಮಾತನ್ನ ಅವರ ಬಾಯಲ್ಲಿ ಬಂದ ಹಾಗೇ ಇಟ್ಟು 'ಅಂತ' ಹಾಕ್ತೀವಿ. ಆನ ಅನ್ನೋಳು 'ದುಡ್ಡು ಕೊಡ್ತೀನಿ' ಅಂದ್ಲು. ಕಾಲಾನೂ ಬದಲಾಗಲ್ಲ, ಪುರುಷಾನೂ ಬದಲಾಗಲ್ಲ. ಸ್ಪ್ಯಾನಿಷಲ್ಲಿ ಎರಡೂ ಬದಲಾಗುತ್ತೆ: ಅವಳು ಹೇಳಿದ್ದು ಪಗರೇ, ನಾನು ವರದಿ ಮಾಡುವಾಗ ಆನ ದೀಹೊ ಕೆ ಪಗರೀಯ. ಹೇಳಿದ್ದು ಭೂತಕಾಲದಲ್ಲಿ, ಹೇಳಿದ ವಿಷಯ ಆ ಕ್ಷಣಕ್ಕಿಂತ ಮುಂದಿನದ್ದು, ಅಂದ್ರೆ ಕಂಡಿಶನಲ್. ದೀಹೊ ಕೆ ಯೆಗರೀಯ ಅ ಲಾಸ್ ಓಚೊ, ಎಂಟಕ್ಕೆ ಬರ್ತೀನಿ ಅಂದ. ಪೆನ್ಸಾಬ ಕೆ ಯೆಗರೀಯಸ್ ತಾರ್ದೆ, ನೀನು ಲೇಟಾಗಿ ಬರ್ತೀಯ ಅನ್ಕೊಂಡಿದ್ದೆ. ಇಲ್ಲಿ '-ತಿದ್ದೆ'ಯೂ ಇಲ್ಲ '-ರೆ'ಯೂ ಇಲ್ಲ, ಹಾಗಾಗಿ ಕನ್ನಡದೋರು ಇದನ್ನ ಮರೆಯೋದೇ ಹೆಚ್ಚು. 'ಅಂದ', 'ಅನ್ಕೊಂಡಿದ್ದೆ', 'ಹೇಳಿದ್ರು' ಬಂದ ಕೂಡ್ಲೇ ಒಂದು ಸಲ ನಿಂತು ನೋಡಿ.

ವೆನೆಜುವೆಲಾದಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ್ದ ಆಂದ್ರೆಸ್ ಬೆಯೊ 1847ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಈ ಕಾಲಕ್ಕೆ ಪೊಸ್ಪ್ರೆತೇರಿತೊ ಅಂತ ಹೆಸರಿಟ್ಟಿದ್ದು ಇದೇ ಕಾರಣಕ್ಕೆ, ಭೂತದ ಆಚೆಗಿನದ್ದು ಅಂತ. ಮೆಕ್ಸಿಕೋದ ಶಾಲೆಗಳಲ್ಲಿ ಇವತ್ತಿಗೂ ಆ ಹೆಸರು ನಡೀತಿದೆ, ಮೆಕ್ಸಿಕೋದ ಪಾಠ ಹುಡುಕಿದಾಗ ಆ ಹೆಸರು ಕಂಡ್ರೆ ಬೇರೆ ಯಾವುದೋ ಕಾಲ ಅಂತ ತಿಳೀಬೇಡಿ. ದಿನದ ಮಾತಲ್ಲಿ ಇದೇ ಕೆಲಸಕ್ಕೆ 'ಈಬ ಅ' ಹಾಕಿ ಮೂಲ ರೂಪ ಹೇಳೋದೂ ಬಹಳ: ದೀಹೊ ಕೆ ಈಬ ಅ ಪಗಾರ್.

ಹಂತ 7: ಮರ್ಯಾದೆ, ಸಲಹೆ, ಅಂದಾಜು

ಮೆ ಅಯುದರೀಯ ಉಸ್ತೇದ್ ಅಂದ್ರೆ ಸ್ವಲ್ಪ ಸಹಾಯ ಮಾಡ್ತೀರಾ. ಮೆ ಗುಸ್ತರೀಯ ಅಪ್ರೆಂದೇರ್ ಎಸ್ಪನ್ಯೋಲ್, ನಂಗೆ ಸ್ಪ್ಯಾನಿಷ್ ಕಲೀಬೇಕು ಅಂತ ಇಷ್ಟ. ಗುಸ್ತಾರ್ ವಾಕ್ಯ ನಮ್ಮ 'ನಂಗೆ ಇಷ್ಟ' ಥರಾನೇ ಕಟ್ಕೊಳ್ಳುತ್ತೆ, ಇಷ್ಟಪಡೋರು ಚತುರ್ಥಿಯಲ್ಲಿ, ಇಂಗ್ಲಿಷಿನೋರು ಇಲ್ಲಿ ಒದ್ದಾಡ್ತಾರೆ, ನಮಗೆ ಆ ಕಷ್ಟ ಇಲ್ಲ. ಆಫೀಸ್ ಮೇಲ್‌ಗೆ ಈ ಎರಡು ಕಲ್ತಿಟ್ಕೊಳ್ಳಿ, ಬೆಂಗಳೂರಲ್ಲಿ ಕೂತು ಮೆಕ್ಸಿಕೋ, ಸ್ಪೇನ್ ಕ್ಲೈಂಟ್‌ಗಳ ಜೊತೆ ಕೆಲಸ ಮಾಡೋರಿಗೆ ನೇರ ಉಪಯೋಗಕ್ಕೆ ಬರುತ್ತೆ: ಸೆರೀಯ ಪೊಸೀಬ್ಲೆ ಕಂಬ್ಯಾರ್ ಲ ಓರ ದೆ ಲ ರೆಉನ್ಯೋನ್, ಮೀಟಿಂಗ್ ಟೈಮ್ ಬದಲಾಯಿಸೋಕೆ ಆಗುತ್ತಾ. ಲೆ ಅಗ್ರದೆಸೆರೀಯ ಕೆ ಮೆ ಎನ್ಬಿಯಾರ ಎಲ್ ಅರ್ಚೀಬೊ, ಫೈಲ್ ಕಳಿಸಿದ್ರೆ ಉಪಕಾರ ಆಗುತ್ತೆ. ಎರಡನೇದರಲ್ಲಿ 'ಕಳಿಸಿದ್ರೆ' ಅನ್ನೋದು ಮತ್ತೆ ಸುಬ್ಹುಂತೀಬೊ ಆಗಿದೆ ನೋಡಿ.

ಆದ್ರೆ ಎಲ್ಲಾ ಕಡೆ ಕಂಡಿಶನಲ್ ಹಾಕಿದ್ರೇ ಮರ್ಯಾದೆ ಅಂತಲ್ಲ. ಸ್ಪೇನಿನ ಬಾರ್‌ನಲ್ಲಿ ಕಾಫಿಗೆ ಜನ ಕೇಳೋದು ಮೆ ಪೋನೆಸ್ ಉನ್ ಕಫೇ, ಬರೀ ವರ್ತಮಾನ, ಅದು ಒರಟಲ್ಲ. ಕೊಲಂಬಿಯಾದಲ್ಲಿ ಮೆ ರೆಗಾಲ ಉನ್ ತೀಂತೊ ಅಂತಾರೆ, ಕರೀ ಕಾಫಿ ಕೊಡ್ತೀರಾ ಅಂತ. 'ನಂಗೆ ಬೇಕಿತ್ತು' ಅನ್ನೋದಕ್ಕೆ ಕೆರ್ರೀಯಕ್ಕಿಂತ ಕಿಸ್ಯೇರ ಅನ್ನೋ ರೂಪಾನೇ ಹೆಚ್ಚು ಕೇಳಿಸೋದು.

ಸಲಹೆಗೆ ಯೊ ಕೆ ತೂ, ನಾನು ನಿನ್ನ ಜಾಗದಲ್ಲಿ ಇದ್ದಿದ್ರೆ: ಯೊ ಕೆ ತೂ, ಅಬ್ಲರೀಯ ಕೊನ್ ಎಲ್ ಹೇಫೆ, ಬಾಸ್ ಜೊತೆ ಮಾತಾಡ್ತಿದ್ದೆ. ದೆಬೆರೀಯಸ್ ದೊರ್ಮೀರ್ ಮಾಸ್, ನೀನು ಇನ್ನೂ ಜಾಸ್ತಿ ನಿದ್ದೆ ಮಾಡ್ಬೇಕು, ದೇಬೆಸ್ ಅಂದ್ರೆ ಅಪ್ಪಣೆ ಥರ ಆಗುತ್ತೆ, ದೆಬೆರೀಯಸ್ ಮೆತ್ತಗಿದೆ.

ಹಿಂದೆ ನಡೆದದ್ದರ ಅಂದಾಜಿಗೂ ಇದೇ ರೂಪ. ಸೆರೀಯನ್ ಲಾಸ್ ದ್ಯೇಸ್, ಆಗ ಹತ್ತು ಗಂಟೆ ಆಗಿದ್ದಿರ್ಬೇಕು. ನೊ ಬೀನೊ ಅಯೇರ್, ಎಸ್ತರೀಯ ಎನ್ಫೇರ್ಮೊ, ನಿನ್ನೆ ಬರ್ಲಿಲ್ಲ, ಹುಷಾರಿರ್ಲಿಲ್ವೇನೋ. ಭೂತಕಾಲದ ವಾಕ್ಯದಲ್ಲಿ '-ಇರ್ಬೇಕು', '-ಏನೋ' ಬಂದ್ರೆ ಇದು ನೆನಪಾಗ್ಲಿ, ಈಗಿನ ಅಂದಾಜಿಗೆ ಭವಿಷ್ಯತ್ತು, ಸೆರಾನ್ ಲಾಸ್ ದ್ಯೇಸ್. ನಮ್ಮ ವ್ಯಾಕರಣದಲ್ಲಿ ಬಂದಾನು, ಮಾಡಿಯಾನು ಅನ್ನೋ ಸಂಭಾವನಾರ್ಥಕ ರೂಪ ಇದೆಯಲ್ಲ, 'ಸಂಭಾವನೆ' ಅನ್ನೋ ಹೆಸರು ನೋಡಿ ಅದನ್ನ ಇದರ ಜೊತೆ ಸೇರಿಸ್ಬೇಡಿ, ಬಂದಾನು ಮುಂದೆ ಆಗ್ಬೋದಾದ್ದರ ಮಾತು.

ಪೇಪರ್ ಓದೋರಿಗೆ ಒಂದು ಮಾತು, ಲ್ಯಾಟಿನ್ ಅಮೆರಿಕದ ಸುದ್ದಿಗಳಲ್ಲಿ ಖಚಿತ ಆಗದ ವಿಷಯಕ್ಕೆ ಕಂಡಿಶನಲ್ ಹಾಕ್ತಾರೆ. ಎಲ್ ಪ್ರೆಸಿದೇಂತೆ ಬಿಯಹರೀಯ ಮನ್ಯಾನ ಅಂದ್ರೆ ಅಧ್ಯಕ್ಷರು ನಾಳೆ ಹೊರಡ್ತಾರಂತೆ, ನಮ್ಮ 'ಅಂತೆ'. ಕೆಲವು ಭಾಷಾ ಕೈಪಿಡಿಗಳು ಇದನ್ನ ಒಪ್ಪಲ್ಲ, ನೀವು ಬರೀಬೇಡಿ, ಓದಿ ಅರ್ಥ ಮಾಡ್ಕೊಂಡ್ರೆ ಸಾಕು.

ಹಂತ 8: ಕೈಯಾರೆ ಮಾಡಿ ನೋಡಿ

ಪಟ್ಟಿ ಉರು ಹೊಡೆಯೋದಕ್ಕಿಂತ ಕನ್ನಡ ವಾಕ್ಯ ತಗೊಂಡು ಯಾವ ರೂಪ ಅಂತ ಮೊದಲು ತೀರ್ಮಾನಿಸಿ ಆಮೇಲೆ ಸ್ಪ್ಯಾನಿಷ್ ಬರೆಯೋದು ಜಾಸ್ತಿ ಕೆಲಸ ಮಾಡುತ್ತೆ. ಕೆಳಗಿನದ್ದನ್ನ ಮೊದಲು ನೀವೇ ಮಾಡಿ, ಉತ್ತರ ಕೆಳಗಿದೆ.

ನಾನಾದ್ರೆ ಈ ಕಾರ್ ಮಾರ್ತಿರ್ಲಿಲ್ಲ.
ಚಿಕ್ಕವರಿದ್ದಾಗ ನಾವು ಮೈಸೂರಲ್ಲಿ ವಾಸ ಮಾಡ್ತಿದ್ವಿ.
ನಿಮಗೆ ಕಾಗದ ಬರೀತೀವಿ ಅಂತ ಅವರು ನಮಗೆ ಹೇಳಿದ್ರು.
ಕಿಟಕಿ ಸ್ವಲ್ಪ ತೆಗೀತೀರಾ?
ಅವಳು ಬಂದಾಗ ಒಂದು ಗಂಟೆ ಆಗಿದ್ದಿರ್ಬೇಕು.
ಟೈಮ್ ಇದ್ದಿದ್ರೆ ನಾವು ಜಾಸ್ತಿ ಓದ್ತಿದ್ವಿ.

ಮೊದಲನೇದು ಯೊ ನೊ ಬೆಂದೆರೀಯ ಎಸ್ತೆ ಕೋಚೆ, ಲ್ಯಾಟಿನ್ ಅಮೆರಿಕದ ಹಲವು ಕಡೆ ಕೋಚೆ ಬದಲು ಕಾರ್ರೊ. ಎರಡನೇದರಲ್ಲಿ '-ರೆ' ಇಲ್ಲ, ನಿಜವಾಗಿ ನಡೆದ ವಿಷಯ, ಹಾಗಾಗಿ ಕಂಡಿಶನಲ್ ಬೇಡ: ದೆ ನೀನ್ಯೊಸ್ ಬಿಬೀಯಮೊಸ್ ಎನ್ ಮೈಸೂರ್. ಮೂರನೇದು ನೊಸ್ ದಿಹೇರೊನ್ ಕೆ ನೊಸ್ ಎಸ್ಕ್ರಿಬಿರೀಯನ್, ಕನ್ನಡದ 'ಬರೀತೀವಿ' ಇಲ್ಲಿ 'ಅವರು' ರೂಪ ಆಗಿದೆ, 'ನಿಮಗೆ' ಹೋಗಿ 'ನಮಗೆ' ಆಗಿದೆ. ನಾಲ್ಕನೇದು ಅಬ್ರಿರೀಯ ಉಸ್ತೇದ್ ಲ ಬೆಂತಾನ, ಎರಡು ರಿ ಬರ್ತಾವೆ, ಒಂದನ್ನ ನುಂಗ್ಬೇಡಿ. ಐದನೇದು ಸೆರೀಯ ಲ ಊನ ಕ್ವಾಂದೊ ಯೆಗೋ, ಒಂದು ಗಂಟೆ ಏಕವಚನ ಆದ್ರಿಂದ ಸೆರೀಯನ್ ಅಲ್ಲ. ಆರನೇದಕ್ಕೆ ಎರಡು ಉತ್ತರ ಇವೆ, ಎರಡೂ ಬರೀರಿ: ಈಗಿನ ಮಾತಾದ್ರೆ ಸಿ ತುಬ್ಯೇರಮೊಸ್ ತ್ಯೇಂಪೊ, ಲೆಯೆರೀಯಮೊಸ್ ಮಾಸ್, ಮುಗಿದುಹೋದ ಕಾಲದ್ದಾದ್ರೆ ಸಿ ಉಬ್ಯೇರಮೊಸ್ ತೆನೀದೊ ತ್ಯೇಂಪೊ, ಅಬ್ರೀಯಮೊಸ್ ಲೆಯೀದೊ ಮಾಸ್.